ಕೆರೆ ಏರಿಯ ಲಂಟಾನ, ತಾರಸಿಯ ಕುಂಡ

ಚಿಲಮತ್ತೂರು,
ಶ್ರೀ ಸತ್ಯಸಾಯಿ ಜಿಲ್ಲೆ



ಬೋನ್ಸಾಯ್‌ಗೆ ಬೇಕಾದ ಮುದಿ ಬುಡ ಹುಡುಕುವವರಿಗೆ ಲಂಟಾನದಷ್ಟು ಸುಲಭವಾಗಿ ಸಿಗುವ ಗಿಡ ಈ ಸೀಮೆಯಲ್ಲಿ ಬೇರೊಂದಿಲ್ಲ. ಬಾಗೇಪಲ್ಲಿ ದಾಟಿ, ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಹೆದ್ದಾರಿ ಬಿಟ್ಟು ಹಿಂದೂಪುರದ ಕಡೆ ತಿರುಗಿದರೆ ಕೆಮ್ಮಣ್ಣು, ಗುಂಡುಬಂಡೆಗಳ ಗುಡ್ಡ, ಕಡಲೆಕಾಯಿ ಹೊಲ ಶುರುವಾಗುತ್ತವೆ. ಹೊಲದ ಬದು, ಕೆರೆಯ ಏರಿ, ಉಳುವಾಗ ಆಯ್ದು ಹಾಕಿದ ಕಲ್ಲುಗುಪ್ಪೆ, ಎಲ್ಲಿ ನೇಗಿಲು ಹೋಗುವುದಿಲ್ಲವೋ ಅಲ್ಲೆಲ್ಲ ಲಂಟಾನದ ಮೆಳೆ. ತೆಲುಗಿನಲ್ಲಿ ಇದಕ್ಕಿರುವ ಹೆಸರುಗಳಲ್ಲಿ ಪುಲಿಕಂಪ ಒಂದು. ಈ ಸೀಮೆ ಮೊದಲು ಸೇರಿದ್ದ ಹಳೆಯ ಅನಂತಪುರ ಜಿಲ್ಲೆ ದೇಶದಲ್ಲೇ ತೀರ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನದು. ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಆ ಮಳೆಯಲ್ಲಿ ಗಿಡ ಎತ್ತರಕ್ಕೆ ಹೋಗುವುದು ನಿಧಾನ. ಅದರ ಮೇಲೆ ರೈತ ವರ್ಷಕ್ಕೊಮ್ಮೆ ಮಚ್ಚಿನಿಂದ ಸವರುತ್ತಾನೆ, ಬೇಸಿಗೆಯಲ್ಲಿ ಬೆಂಕಿಯೂ ಬೀಳುತ್ತದೆ. ಆಡು ಕುರಿ ಮಾತ್ರ ಮೂಸಿ ನೋಡಿ ಮುಂದಕ್ಕೆ ಹೋಗುತ್ತವೆ. ಹೀಗೆ ಮೇಲ್ಭಾಗ ಕಳೆದುಕೊಳ್ಳುತ್ತಲೇ ಇರುವ ಗಿಡದ ಬುಡ ದಪ್ಪವಾಗುತ್ತಾ, ಗಂಟುಗಟ್ಟುತ್ತಾ ಹೋಗುತ್ತದೆ. ಕುಂಡದಲ್ಲಿ ಬೀಜದಿಂದ ಬೆಳೆಸಿ ಈ ರೂಪ ತರಿಸಲು ದಶಕಗಳು ಬೇಕು.

ಲಂಟಾನ ಇಲ್ಲಿಯ ಗಿಡವಲ್ಲ. ಮೂಲ ಅಮೆರಿಕ ಖಂಡದ ಉಷ್ಣವಲಯ. ಹದಿನೇಳನೆಯ ಶತಮಾನದಲ್ಲಿ ಡಚ್ಚರು ಯುರೋಪಿಗೆ ಒಯ್ದು ತೋಟದ ಹೂಗಿಡ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದದ್ದು, ಬೇಲಿ ಹಾರಿ ದೇಶವನ್ನೆಲ್ಲ ಹಬ್ಬಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಹುಲಿ ನೆಲೆಯ ಕಾಡುಗಳಲ್ಲೇ ಅದು ವ್ಯಾಪಿಸಿದ ಜಾಗ 1.54 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋದವರು ಅದನ್ನು ರಸ್ತೆಯಿಂದಲೇ ಕಂಡಿರುತ್ತಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುವ ಕೆಲಸ ಕಲಿತಿದ್ದಾರೆ.

ಅದನ್ನು ತೊಲಗಿಸುವ ಪ್ರಯತ್ನಗಳು ಸೋತದ್ದೇಕೆ ಎಂಬುದರಲ್ಲೇ ಬೋನ್ಸಾಯ್‌ನ ಗುಟ್ಟೂ ಇದೆ. 1921ರಲ್ಲಿ ಹಣ್ಣು ಕೊರೆಯುವ ನೊಣವನ್ನೂ 1941ರಲ್ಲಿ ಎಲೆಯ ರಸ ಹೀರುವ ತಿಗಣೆಯೊಂದನ್ನೂ ಲಂಟಾನದ ಹತೋಟಿಗೆಂದು ಭಾರತಕ್ಕೆ ತರಿಸಿದರು, ಗಿಡ ಜಗ್ಗಲಿಲ್ಲ. ಕಡಿದರೆ, ಸುಟ್ಟರೆ ಮೊದಲಿಗಿಂತ ದಟ್ಟವಾಗಿ ಚಿಗುರಿತು. ಕಾಂಡ ಮುಗಿದು ಬೇರು ಶುರುವಾಗುವ ಸಂಧಿಯಲ್ಲಿ ಸುಪ್ತ ಮೊಗ್ಗುಗಳು ತುಂಬಿಕೊಂಡಿರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನದಲ್ಲಿ ಗಿಡವನ್ನು ನೆಲಕ್ಕಿಂತ 3ರಿಂದ 5 ಸೆಂಟಿಮೀಟರ್ ಕೆಳಗೆ, ಅಂದರೆ ಆ ಸಂಧಿಯ ಕೆಳಗೆ, ಬೇರಿನಲ್ಲೇ ಕಡಿದು, ಬುಡ ಮೇಲೆ ಮಾಡಿ ಒಣಗಲು ಬಿಡುತ್ತಾರೆ. ಸಂಧಿ ನೆಲ ಬಿಟ್ಟರೆ ಗಿಡದ ಆಟ ಮುಗಿಯಿತು. ಬೋನ್ಸಾಯ್ ಮಾಡುವವನಿಗೆ ಬೇಕಾದದ್ದೂ ಅದೇ ಸಂಧಿ. ಅರಣ್ಯ ಇಲಾಖೆಯವರು ಒಣಗಿಸುವ ತುಂಡನ್ನೇ ಅವನು ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತರುತ್ತಾನೆ.

ಕಾಡಿನ ಮುದಿಮರ ಅಗೆದು ಕುಂಡಕ್ಕೆ ಹಾಕುವುದನ್ನು ಜಪಾನಿನಲ್ಲಿ ಯಾಮಾದೋರಿ ಎನ್ನುತ್ತಾರೆ. ಬಂಡೆಸಂದಿಯಲ್ಲಿ ನೂರು ವರ್ಷ ಬಾಳಿದ್ದನ್ನು ಹವ್ಯಾಸಕ್ಕೆಂದು ಕೀಳುವುದು ಸರಿಯೇ ಎಂಬ ತಕರಾರು ನ್ಯಾಯವಾದದ್ದು. ಇದೇ ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಊರವರು ಆ ಮರಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಂಥ ಸೀಮೆಯಲ್ಲಿ ಬದುವಿನ ಹುಣಸೆ ಸಸಿಯನ್ನೋ ಆಲದ ಗಿಡವನ್ನೋ ಅಗೆಯಲು ಮನಸ್ಸು ಬಾರದು, ಬರಲೂಬಾರದು. ಲಂಟಾನಕ್ಕೆ ಈ ಸಂಕೋಚ ಬೇಕಿಲ್ಲ. ಹೊಲದ ಯಜಮಾನನನ್ನು ಒಂದು ಮಾತು ಕೇಳಿದರೆ ಹಾರೆಯನ್ನೂ ಕೊಟ್ಟು ಕಳಿಸುತ್ತಾನೆ. ಮೀಸಲು ಅರಣ್ಯದ ಮಾತು ಬೇರೆ: ಅಲ್ಲಿ ಕಳೆಯೇ ಆದರೂ ಅನುಮತಿಯಿಲ್ಲದೆ ಗುದ್ದಲಿ ಊರುವಂತಿಲ್ಲ.

ಅಗೆಯಲು ತಕ್ಕ ಕಾಲ ಮುಂಗಾರಿನ ಎರಡು ಹದಮಳೆ ಬಿದ್ದ ಮೇಲೆ. ಕಡುಬೇಸಿಗೆಯಲ್ಲಿ ನೆಲ ಕಲ್ಲಾಗಿರುತ್ತದೆ, ಬಲವಂತ ಮಾಡಿದರೆ ಸಣ್ಣ ಬೇರುಗಳೆಲ್ಲ ಹರಿದು ಹಾರೆಯ ತುದಿಗೇ ಬರುತ್ತವೆ. ಆಯ್ಕೆಯಲ್ಲಿ ಎಲೆಯನ್ನಾಗಲಿ ಹೂವನ್ನಾಗಲಿ ನೋಡುವ ಅಗತ್ಯವಿಲ್ಲ, ಅವು ಮುಂದೆ ಹೊಸದಾಗಿ ಬರುವಂಥವು. ಮೆಳೆಯೊಳಗೆ ಕೈ ತೂರಿಸಿ, ಬುಡದ ಮಣ್ಣು ಕೆದಕಿ, ಬೇರು ಸುತ್ತಲೂ ಹರಡಿದೆಯೇ, ಒಂದೇ ಕಡೆ ಜೋತಿದೆಯೇ ಎಂದು ನೋಡಬೇಕು. ತೋಳಿನ ಚರ್ಮಕ್ಕೆ ಇದು ಸುಖದ ಕೆಲಸವಲ್ಲ: ಎಳೆಯ ಕಾಂಡ ಚೌಕ, ಅದರ ಏಣುಗಳ ಮೇಲೆ ಹಿಂದಕ್ಕೆ ಬಾಗಿದ ಮುಳ್ಳು. ಮುದಿ ಕಾಂಡ ಗುಂಡಗಾಗಿ, ಮುಳ್ಳು ಕಳೆದುಕೊಂಡು, ಮಾಸಲು ಕಂದು ತೊಗಟೆ ಉದ್ದುದ್ದ ಸೀಳಿರುತ್ತದೆ. ಉಗುರಿನಿಂದ ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ.

ಏರಿಯ ಇಳಿಜಾರಿನ ಒಂದು ಬುಡವನ್ನು ಬಿಡಿಸುವ ಕ್ರಮ ಹೀಗೆ. ಮೊದಲು ಕೊಂಬೆಗಳನ್ನೆಲ್ಲ ಗೇಣುದ್ದಕ್ಕೆ ಸವರುತ್ತಾರೆ. ಜಜ್ಜಿದ ಎಲೆಯ ಘಾಟು ಸೀಮೆಎಣ್ಣೆ, ನಿಂಬೆಸಿಪ್ಪೆ ಎರಡನ್ನೂ ನೆನಪಿಸಿ ಕೈಗೆ ಅಂಟಿಕೊಳ್ಳುತ್ತದೆ. ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಕಾಲುವೆ ತೋಡಿದರೆ ಮೇಲುಮೇಲಿನ ಪಕ್ಕಬೇರುಗಳು ಸಿಗುತ್ತವೆ. ಇವನ್ನು ಕತ್ತರಿಯಲ್ಲಿ ನೀಟಾಗಿ ಕತ್ತರಿಸಬೇಕು. ಗುದ್ದಲಿ ಏಟಿಗೆ ಬೇರು ಎಳೆ ಎಳೆಯಾಗಿ ಸೀಳುತ್ತದೆ, ಸೀಳಿದ್ದು ಕೊಳೆಯುತ್ತದೆ. ಆಮೇಲೆ ಬುಡವನ್ನು ಒಂದು ಬದಿಗೆ ಒತ್ತಿ, ಅಡಿಗೆ ಗರಗಸ ತೂರಿಸಿ ತಾಯಿಬೇರು ಕೊಯ್ದರೆ ಗಿಡ ಕೈಗೆ ಬಂತು. ಹೊರಗೆ ಮುಷ್ಟಿಯಷ್ಟು ಕಂಡದ್ದು ಮಣ್ಣಿನೊಳಗೆ ಎರಡು ಮುಷ್ಟಿ ಇರುವುದುಂಟು.

ನೆಡುವ ಮಣ್ಣಿಗೆ ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು ಅಥವಾ ಗರಸು, ಸ್ವಲ್ಪ ಎಲೆಗೊಬ್ಬರ ಸಾಕು. ನಿಂತ ನೀರೊಂದೇ ಇದರ ವೈರಿ. ಮೊದಲ ವರ್ಷ ಬೋನ್ಸಾಯ್ ತಟ್ಟೆಗೆ ಆಸೆಪಡದೆ ಅಗಲವಾದ ಮಣ್ಣಿನ ಕುಂಡದಲ್ಲಿ, ಅಲ್ಲಾಡದಂತೆ ತಂತಿಯಿಂದ ಬಿಗಿದು ನೆಟ್ಟು ನೆರಳಿನಲ್ಲಿಡಬೇಕು. ದೊಡ್ಡ ಗಾಯಗಳಿಗೆ ಅಡಿಕೆ ತೋಟದವರು ಬಳಸುವ ಬೋರ್ಡೋ ಪೇಸ್ಟ್ ಬಳಿದರೆ ಆಯಿತು. ಎರಡು ಮೂರು ವಾರದಲ್ಲಿ ಬುಡದ ತುಂಬ ಚಿಗುರು ಒಡೆಯುತ್ತದೆ. ಹವ್ಯಾಸಿಗಳು ಎಡವುವುದು ಈ ಹಂತದಲ್ಲೇ. ಮೊದಲ ಚಿಗುರು ಬುಡದಲ್ಲಿ ಕೂಡಿಟ್ಟ ಆಹಾರದ ಬಲದಿಂದ ಬಂದದ್ದು, ಆಗಿನ್ನೂ ಹೊಸ ಬೇರು ಹುಟ್ಟಿರುವುದಿಲ್ಲ. ಸಂತೋಷಪಟ್ಟು ಬಿಸಿಲಿಗಿಟ್ಟು, ಗೊಬ್ಬರ ಸುರಿದು, ಬೇರು ಬಂದಿದೆಯೇ ಎಂದು ಎಳೆದು ನೋಡಿದರೆ ಚಿಗುರು ಬಾಡುತ್ತದೆ. ಎಲೆ ದೊಡ್ಡದಾಗಿ, ಕಡ್ಡಿ ಗಟ್ಟಿಯಾಗುವವರೆಗೆ ಚಿಗುರು ಚಿವುಟದೆ, ಗೊಬ್ಬರ ಹಾಕದೆ ಬಿಡುವುದೇ ಲೇಸು.

ರೂಪ ಕೊಡುವುದರಲ್ಲಿ ತಂತಿಗಿಂತ ಕತ್ತರಿಯೇ ಮೇಲು. ಎಳೆಯ ರೆಂಬೆ ಬಾಗಿಸಿದರೆ ಬುಡದಲ್ಲೇ ಪಟಕ್ಕನೆ ಕಿತ್ತುಬರುತ್ತದೆ. ಬಲಿತದ್ದು ಬಾಗುವುದೇ ಇಲ್ಲ. ನಡುವಣ ಹದ ಕೆಲವೇ ದಿನದ್ದು. ಆದ್ದರಿಂದ ಬೇಕಾದ ದಿಕ್ಕಿನ ಮೊಗ್ಗಿನ ಮೇಲಕ್ಕೆ ಕತ್ತರಿಸಿ, ಬೆಳೆಯಲು ಬಿಟ್ಟು, ಮತ್ತೆ ಕತ್ತರಿಸುತ್ತಾ ಕೊಂಬೆ ತಿರುಗಿಸುವುದು ರೂಢಿ. ಮುದಿ ಬುಡದಲ್ಲಿ ಒಂದೊಂದು ಏಣು ತನ್ನ ಮೇಲಿನ ಕೊಂಬೆಗೆ ನೀರು ಸಾಗಿಸುತ್ತದೆ; ಕೊಂಬೆಯನ್ನು ಪೂರ್ತಿ ತೆಗೆದರೆ ಕೆಳಗಿನ ಏಣೂ ಒಣಗಬಹುದು. ಯಾವುದನ್ನು ಉಳಿಸಬೇಕೆಂದು ಒಂದು ಋತು ನೋಡಿ ತೀರ್ಮಾನಿಸುವುದು ಒಳ್ಳೆಯದು. ಮಾದರಿಗೆ ಜಪಾನಿನ ಪೈನ್ ಮರದ ಚಿತ್ರ ಮುಂದಿಟ್ಟುಕೊಳ್ಳುವವರೇ ಹೆಚ್ಚು. ಇದೇ ಜಿಲ್ಲೆಯಲ್ಲಿ, ಕದಿರಿಯ ಹತ್ತಿರ, 1989ರಲ್ಲಿ ಗಿನ್ನೆಸ್ ದಾಖಲೆ ಸೇರಿದ ತಿಮ್ಮಮ್ಮ ಮರ್ರಿಮಾನು ಎಂಬ ಆಲವಿದೆ; ಆದರೆ ಬಿಳಲಿಲ್ಲದ ಲಂಟಾನಕ್ಕೆ ಆಲದ ವೇಷ ಹೊಂದದು. ಗಿಡ್ಡ ದಪ್ಪ ಕಾಂಡ, ಮೇಲೆ ಕೊಡೆ ಬಿಚ್ಚಿದ ತಲೆ, ಹೀಗಿರುವ ಬದುವಿನ ಹುಣಸೆಮರವೇ ಇದಕ್ಕೆ ಸರಿಯಾದ ಗುರು.

ಹೂ ಬರುವುದು ಹೊಸ ಚಿಗುರಿನಲ್ಲಿ. ಸದಾ ಚಿವುಟುತ್ತಿದ್ದರೆ ರೂಪವಿದ್ದೀತು, ಹೂವಿರದು. ಹೂ ಬೇಕಾದಾಗ ಒಂದೆರಡು ತಿಂಗಳು ಕತ್ತರಿಗೆ ರಜೆ ಕೊಡಬೇಕು. ಒಂದೇ ಗೊಂಚಲಿನಲ್ಲಿ ನಡುವಿನ ಹೂ ಹಳದಿ, ಅಂಚಿನದು ಗುಲಾಬಿ ಅಥವಾ ಕೆಂಪು. ದೆಹಲಿ ವಿಶ್ವವಿದ್ಯಾಲಯದಲ್ಲಿದ್ದ ಕನ್ನಡಿಗ ಸಸ್ಯವಿಜ್ಞಾನಿ ಎಚ್.ವೈ. ಮೋಹನರಾಮ್ ಮತ್ತು ಗೀತಾ ಮಾಥುರ್ 1978ರಲ್ಲಿ ಇದರ ಕಾರಣ ತೋರಿಸಿಕೊಟ್ಟರು. ಹಳದಿ ಹೂವಿಗೆ ಥ್ರಿಪ್ಸ್ ಎಂಬ ಸಣ್ಣ ಕೀಟ ಬರುತ್ತದೆ, ಪರಾಗಸ್ಪರ್ಶವಾದ ಮೇಲೆ ಬಣ್ಣ ತಿರುಗುತ್ತದೆ.

ಹೂ ಉದುರಿದ ಕೂಡಲೇ ಗೊಂಚಲು ಚಿವುಟುವುದು ಕಡ್ಡಾಯ. ಕಾಯಿ ಕಪ್ಪಾಗಿ ಹಣ್ಣಾದರೆ ಪಿಕಳಾರಗಳು ತಿಂದು ಬೀಜವನ್ನು ಬೀದಿಯೆಲ್ಲ ಹರಡುತ್ತವೆ. ಊರಿಗೆ ಈ ಉಪಕಾರ ಬೇಕಿಲ್ಲ. ಸವರಿದ ಸೊಪ್ಪನ್ನು ದನ ಓಡಾಡುವ ಕಡೆ ಎಸೆಯಬಾರದು. ಎಲೆಯಲ್ಲಿರುವ ಲಂಟಾಡೀನ್ ಎಂಬ ವಿಷದಿಂದ ದನ, ಕುರಿಗಳ ಪಿತ್ತಜನಕಾಂಗ ಕೆಡುತ್ತದೆ, ಬಿಸಿಲು ತಾಗಿದ ಚರ್ಮ ಸುಲಿಯುತ್ತದೆ. 1941ರಲ್ಲಿ ತರಿಸಿದ ತಿಗಣೆ ಕಾಡಿನ ಲಂಟಾನವನ್ನು ಕೊಲ್ಲಲಾರದೆ ಹೋದರೂ ಕುಂಡದ್ದನ್ನು ಕಾಡಬಲ್ಲದು. ಎಲೆಯ ಮೇಲೆ ಬಿಳಿಚಿದ ಚುಕ್ಕೆ ಕಂಡರೆ ಅಡಿಭಾಗ ತಿರುಗಿಸಿ ನೋಡಿ ಬೇವಿನೆಣ್ಣೆ ಸಿಂಪಡಿಸಬೇಕು.

ಬೇರು ಬೇಗ ಕುಂಡ ತುಂಬುವುದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಮಣ್ಣು ಬದಲಿಸಿ ಮೂರನೇ ಒಂದು ಪಾಲು ಬೇರು ಕತ್ತರಿಸಬೇಕು. ತಟ್ಟೆಗೆ ಇಳಿಸುವುದು ಮೂರು ನಾಲ್ಕು ವರ್ಷದ ಮೇಲಿನ ಮಾತು. ತಟ್ಟೆಯಲ್ಲಿ ಮಣ್ಣು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೀರು ಬೇಕು. ಬದುವಿನಲ್ಲಿ ಬರಗಾಲ ತಡೆದ ಗಿಡವೆಂದು ನೆಚ್ಚಿಕೊಂಡು ಊರಿಗೆ ಹೋಗುವಂತಿಲ್ಲ.