ಗೋಡಿನ ಲೆಕ್ಕ

ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ಹೇಳಿಕೊಡುವ ನಾವೇ, ಅವು ಕೆಸರು ತುಳಿದು ಬಂದರೆ ಹೊಸಿಲಲ್ಲೇ ನಿಲ್ಲಿಸಿ ಗದರುತ್ತೇವೆ. ಗಾದೆಯ ಕೆಸರು ಬೇರೆ, ಕಾಲಿನ ಕೆಸರು ಬೇರೆ. ಹುಣಸೂರಿನಲ್ಲಿ ಸಂಸಾರ ಹೂಡಿರುವ ನನಗೂ ಕೆಸರೆಂದರೆ ಒರೆಸಿ ತೆಗೆಯಬೇಕಾದ ವಸ್ತುವೇ. ಆದರೆ ಪಿರಿಯಾಪಟ್ಟಣ ತಾಲ್ಲೂಕಿನ ನನ್ನ ತವರಿನಲ್ಲಿ ಅದಕ್ಕೆ ಬೇರೆಯದೇ ಮರ್ಯಾದೆ ಇತ್ತು. ಅಲ್ಲಿ ಕೆರೆಯ ತಳದ ಕೆಸರಿಗೆ ಗೋಡು ಎನ್ನುತ್ತಾರೆ.

ಬೇಸಿಗೆಯಲ್ಲಿ ಕೆರೆ ಬತ್ತಿ ತಳ ಬಿರುಕು ಬಿಟ್ಟಿತೆಂದರೆ ಹೊಲಕ್ಕೆ ಗೋಡು ಹೊಡೆಯುವ ಕೆಲಸ ಶುರು. ಗಂಡಸರು ಅಗೆದದ್ದನ್ನು ಹೆಂಗಸರು ಮಂಕರಿಯಲ್ಲಿ ಹೊತ್ತು ಗಾಡಿಗೆ ತುಂಬುತ್ತಿದ್ದರು. ನಮ್ಮವ್ವ ಮಾತ್ರ ಸಿಕ್ಕಿದ್ದನ್ನೆಲ್ಲ ತುಂಬಲು ಬಿಡುತ್ತಿರಲಿಲ್ಲ. ಒಂದು ಹೆಂಟೆ ಮುರಿದು ಮೂಸುವಳು, ಬೆರಳಲ್ಲಿ ಉಜ್ಜುವಳು. "ಇದು ಬರೀ ಮರಳು, ಕಸುವಿಲ್ಲ. ತೂಬಿನ ಕಡೆ ಅಗೀರಪ್ಪ" ಎನ್ನುವಳು.

ನನ್ನ ಅಕ್ಕನ ಮಗಳು ಮಂಗಳೂರಿನಲ್ಲಿ ಸಾಗರ ಭೂವಿಜ್ಞಾನ ಓದಿದವಳು. ಹೊಳೆ ಕಡಲು ಸೇರುವ ಜಾಗಕ್ಕೆ ಆ ಕಡೆ ಅಳಿವೆ ಎನ್ನುತ್ತಾರೆ. ನೇತ್ರಾವತಿ, ಗುರುಪುರ ಹೊಳೆಗಳ ಅಳಿವೆಯ ಕೆಸರು ತಂದು ಪರೀಕ್ಷಿಸುವುದು ಅವಳ ಓದಿನ ಭಾಗವಾಗಿತ್ತು. "ಅಷ್ಟು ದುಡ್ಡು ಕಟ್ಟಿ ಕೆಸರು ಮೂಸೋಕೆ ಅಲ್ಲೀಗಂಟ ಹೋಗಬೇಕಿತ್ತೇನೇ?" ಎಂದು ಅವ್ವ ನಕ್ಕಳು. ಹುಡುಗಿ ಬಿಡಲಿಲ್ಲ; ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದಳು. ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ.

ಎಲೆ, ಮೀನು, ಹುಳು, ನಮ್ಮ ಡಬ್ಬಿಯ ತೊಗರಿಬೇಳೆ, ಎಲ್ಲದರಲ್ಲೂ ಪ್ರೋಟೀನ್ ಇದೆ. ಪ್ರೋಟೀನನ್ನು ಸರ ಎಂದುಕೊಂಡರೆ ಅಮೈನೋ ಆಮ್ಲಗಳು ಅದರ ಮಣಿಗಳು. ಸುಮಾರು 20 ಬಗೆ. ಪ್ರತಿ ಮಣಿಯಲ್ಲೂ ಸಾರಜನಕ ಇದೆ. ಯೂರಿಯಾ ಮೂಟೆಯಲ್ಲಿ ನಾವು ದುಡ್ಡು ಕೊಟ್ಟು ತರುವುದು ಅದನ್ನೇ. ಜೀವ ಸತ್ತು ನೀರಿನ ತಳ ಸೇರಿದ ಮೇಲೆ ಬ್ಯಾಕ್ಟೀರಿಯಾಗಳು ಸರ ಹರಿದು ಮಣಿಗಳನ್ನು ತಿನ್ನುತ್ತವೆ. ಮಕ್ಕಳು ಉಪ್ಪಿಟ್ಟಿನಲ್ಲಿ ಗೋಡಂಬಿ ಆರಿಸಿದಂತೆ ಬೇಕಾದದ್ದು ಮೊದಲು ಖಾಲಿ. ಗ್ಲೈಸೀನ್‌ನಂಥವು ಹಿಂದೆ ಉಳಿದು ಅವುಗಳ ಪಾಲು ಹೆಚ್ಚುತ್ತದೆ. ಪ್ರೋಟೀನಿನಲ್ಲಿ ಇಲ್ಲವೇ ಇಲ್ಲದ ಬೀಟಾ ಅಲನೀನ್‌ನಂಥವೂ ಕೊಳೆಯುವಾಗ ಹುಟ್ಟಿಕೊಳ್ಳುತ್ತವೆ. ಯಾವುದು ಎಷ್ಟಿದೆ ಎಂದು ಅಳೆದರೆ, ಕೆಸರಿನಲ್ಲಿರುವ ಸಾವಯವ ಪದಾರ್ಥ ಹೊಸದೋ, ತಿಂದು ಬಿಟ್ಟ ಹಳೆಯದೋ ತಿಳಿದುಬಿಡುತ್ತದೆ. ಮರಳಿಗೆ ಇದು ಹೆಚ್ಚು ಅಂಟುವುದಿಲ್ಲ; ನುಣ್ಣನೆಯ ಜೇಡಿ ಹಿಡಿದಿಟ್ಟುಕೊಳ್ಳುತ್ತದೆ. ಅವ್ವ ಬೆರಳಲ್ಲಿ ಉಜ್ಜಿ ನೋಡುತ್ತಿದ್ದುದು ಇದನ್ನೇ.

"ಕೊಳೆತ ಮೊಟ್ಟೆಯ ನಾತ ಬರ್ತದಲ್ಲ, ಅದು?" ಅವ್ವ ಬಿಡುವವಳಲ್ಲ. ಗಾಳಿಯಾಡದ ತಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೀರಿನ ಸಲ್ಫೇಟನ್ನು ಬಳಸಿಕೊಂಡು ಬಿಡುವ ಅನಿಲ ಅದಂತೆ. ಸಮುದ್ರದ ನೀರಿನಲ್ಲಿ ಸಲ್ಫೇಟ್ ಹೆಚ್ಚು, ಹಾಗಾಗಿ ಅಳಿವೆಯಲ್ಲಿ ನಾತವೂ ಹೆಚ್ಚು. ಆ ಕೆಸರನ್ನು ನಂಬಿಕೊಂಡೇ ಹುಳು, ಏಡಿ, ಕಪ್ಪೆಚಿಪ್ಪು, ಮೀನು. ಅವನ್ನು ನಂಬಿಕೊಂಡು ದಡದ ಸಂಸಾರಗಳು.

ನಮ್ಮ ಕಡೆಯ ನೀರು ಮಂಗಳೂರಿಗೆ ಹೋಗುವುದಿಲ್ಲ, ಮೂಡಲ ಕಡಲಿಗೆ ಹೋಗುತ್ತದೆ. ಹುಣಸೂರಿನ ಲಕ್ಷ್ಮಣತೀರ್ಥ, ಕೆ.ಆರ್. ನಗರದ ಕಾವೇರಿ ಎರಡೂ ಕನ್ನಂಬಾಡಿ ಕಟ್ಟೆಯಲ್ಲಿ ನಿಲ್ಲುತ್ತವೆ. ಎಚ್.ಡಿ. ಕೋಟೆಯ ಕಪಿಲೆ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯಲ್ಲಿ ನಿಂತು ಮುಂದೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ನೀರು ಕಟ್ಟೆ ದಾಟುತ್ತದೆ, ಗೋಡು ಬಹುಪಾಲು ಹಿಂದೆಯೇ ಉಳಿಯುತ್ತದೆ. ಪೂಂಪುಹಾರಿನ ಅಳಿವೆಗೆ ಸೇರಬೇಕಾದ ಊಟ ನಮ್ಮಲ್ಲೇ ತಳ ಹಿಡಿದು ಕೂತಿದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ನೋಡಬೇಕು: ಹೊರಬಿದ್ದ ಗೋಡಿನ ಮೇಲೆ ಹಸಿರು ಹುಲ್ಲು ಚಿಗುರುತ್ತದೆ, ನಾಗರಹೊಳೆ, ಬಂಡೀಪುರದ ಆನೆಗಳು ಹಿಂಡುಹಿಂಡಾಗಿ ಬಂದು ಮೇಯುತ್ತವೆ.

ಇಷ್ಟೆಲ್ಲ ನೆನೆಯುವಂತಾದದ್ದು ನನ್ನ ತಮ್ಮನ ಎರಡು ಎಕರೆಯಿಂದ. ವರ್ಷವರ್ಷವೂ ಹೊಗೆಸೊಪ್ಪು ಬೆಳೆದು ಆ ಹೊಲ ಸುಸ್ತಾಗಿತ್ತು. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲದ ಮುಂದೆ 'ಕಡಿಮೆ' ಎಂಬ ಷರಾ, ಶೇಕಡ 0.5ಕ್ಕಿಂತ ಕೆಳಗಿದ್ದರೆ ಹಾಗೆ ಬರೆಯುತ್ತಾರೆ. ಗೊಬ್ಬರದ ಮೂಟೆಯೂ ಸಾಲವೂ ಜೊತೆಯಾಗಿ ಬೆಳೆದಿದ್ದವು. "ಅಕ್ಕ, ಮಾರಿ ಮೈಸೂರಿಗೆ ಹೋಗಿಬಿಡ್ತೀನಿ" ಎಂದ. ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಹೇಳಿದಳು: "ಮಾರೋದಾದ್ರೆ ಮಾರು. ಮೊದಲು ಗೋಡು ಹೊಡೆಸಿ ಒಂದು ಮಳೆಗಾಲ ನೋಡು."

ಈಗ ಮಂಕರಿಯ ಬದಲು ಜೆ.ಸಿ.ಬಿ., ಗಾಡಿಯ ಬದಲು ಟ್ರ್ಯಾಕ್ಟರ್. ಅವ್ವ ಕೆರೆ ಏರಿಯ ಮೇಲೆ ಕೊಡೆ ಹಿಡಿದು ಕೂತಳು. ಊರ ಚರಂಡಿ ಬಂದು ಸೇರುವ ಮೂಲೆಯಲ್ಲಿ ಅಗೆಯಲು ಹೋದ ಡ್ರೈವರನ್ನು ಕೂಗಿ ತಡೆದಳು. ಅಲ್ಲಿ ಶಾಂಪೂ ಚೀಟಿ, ಮಾತ್ರೆಯ ಪಟ್ಟಿ, ಟಾರ್ಚಿನ ಸೆಲ್ಲು, ಪ್ಲಾಸ್ಟಿಕ್ ಚೀಲ. "ಇದು ಕೆರೇದಲ್ಲ, ಮನೆಗಳದ್ದು" ಎಂದಳು. ನಾವು ಸುರಿಯುವ ಅಕ್ಕಚ್ಚು, ಅನ್ನದ ಅಗುಳು, ಸೊಪ್ಪಿನ ದಂಟು ಎಲ್ಲವನ್ನೂ ಬ್ಯಾಕ್ಟೀರಿಯಾಗಳು ಉಂಡು ಮಣ್ಣು ಮಾಡಬಲ್ಲವು. ಸೆಲ್ಲಿನ ಲೋಹವನ್ನು ಅವು ಉಣ್ಣಲಾರವು. ಅದು ಗೋಡಿನೊಡನೆ ಹೊಲಕ್ಕೆ, ಹೊಲದಿಂದ ನಮ್ಮ ತಟ್ಟೆಗೆ ಬರಬಹುದು. ಕೆರೆ, ಹೊಳೆ, ಅಳಿವೆ ಯಾವುದೇ ಇರಲಿ, ತಳ ಕಾಣುವುದಿಲ್ಲವೆಂದು ನಾವು ಎಸೆದದ್ದೆಲ್ಲ ಅಲ್ಲಿ ಲೆಕ್ಕದಲ್ಲಿರುತ್ತದೆ.

ಮಳೆ ಹಿಡಿದ ಮೇಲೆ ತಮ್ಮ ಗೋಡು ಬಿದ್ದ ಅರ್ಧ ಎಕರೆಗೆ ರಾಗಿ ಹಾಕಿ ನಡುನಡುವೆ ಅವರೆಸಾಲು ಬಿಟ್ಟ. ಮಳೆ ನಿಂತು ಹದಿನೈದು ದಿನವಾದರೂ ಆ ಪೈರು ಬಾಡಲಿಲ್ಲ. ಹಾಗೆಂದು ಸಾಲ ತೀರಿಲ್ಲ. ಇಷ್ಟು ವರ್ಷದ ಬಡತನವನ್ನು ಒಂದು ಬೇಸಿಗೆಯ ಗೋಡು ನೀಗಿಸುವುದೂ ಇಲ್ಲ. ಆದರೆ ಹೊಲ ಕೇಳಲು ಬಂದ ದಲ್ಲಾಳಿಗೆ "ಮುಂದಿನ ವರ್ಷ ನೋಡೋಣ" ಎಂದು ಹೇಳಿ ಕಳಿಸಿದ್ದಾನೆ. ಉಳಿದ ಒಂದೂವರೆ ಎಕರೆಗೆ ಎಷ್ಟು ಲೋಡು ಬೇಕಾದೀತು ಎಂದು ಅವ್ವ ಈಗಲೇ ಬೆರಳು ಮಡಿಚಿ ಎಣಿಸುತ್ತಿದ್ದಾಳೆ.