ಬೂದಿ, ತೆಂಗಿನ ನಾರು ಮತ್ತು ಸರದಿ

ಪುದುಚೇರಿಯ ಹತ್ತಿರ, ಆರೋವಿಲ್ ಅಂಚಿನಲ್ಲಿ ‘ಸಾಧನಾ ಫಾರೆಸ್ಟ್’ ಅಂತ ಒಂದು ಜಾಗ ಇದೆ. ನನ್ನ ಮಗಳು ಆಫೀಸಿಗೆ ರಜೆ ಹಾಕಿ ಎರಡು ತಿಂಗಳು ಅಲ್ಲಿ ಗಿಡ ನೆಡೋಕೆ ಹೋಗಿದ್ದಳು. ನೋಡಿಕೊಂಡು ಬರೋಣವೆಂದು ಹೋದ ನಾನು ನಾಲ್ಕು ದಿನ ಉಳಿದೆ.

2003ರಲ್ಲಿ ಇಸ್ರೇಲ್‌ನ ಅವಿರಾಮ್ ಮತ್ತು ಯೋರಿಟ್ ರೋಜಿನ್ ದಂಪತಿ ಇದನ್ನು ಶುರು ಮಾಡಿದ್ದು. ಸುಮಾರು 70 ಎಕರೆ, ಆಗ ಮಣ್ಣು ಸವೆದುಹೋಗಿದ್ದ ಕೆಂಪು ನೆಲ. ಮಳೆ ನೀರು ಓಡಿಹೋಗದಂತೆ ಬದು ಹಾಕಿ, ಗುಂಡಿ ತೋಡಿ, ಆ ಸೀಮೆಯದೇ ಮರಗಳನ್ನು ಬೆಳೆಸುತ್ತಾ ಬಂದಿದ್ದಾರೆ. ವಾಸಕ್ಕೆ ಗರಿ ಹೊದಿಸಿದ ಗುಡಿಸಲು, ದೀಪಕ್ಕೆ ಸೋಲಾರ್, ಅಡುಗೆಗೆ ಸೌದೆ ಒಲೆ. ಶೌಚಾಲಯದಲ್ಲಿ ಫ್ಲಶ್ ಇಲ್ಲ, ಮರದ ಹೊಟ್ಟು ಸುರಿಯಬೇಕು, ಅದು ಕೊನೆಗೆ ಗೊಬ್ಬರ ಆಗುತ್ತೆ. ಊಟದಲ್ಲಿ ಹಾಲು, ಮೊಸರು, ತುಪ್ಪ ಯಾವುದೂ ಇಲ್ಲ. ಮೊಸರಿಲ್ಲದೆ ಊಟ ಮುಗಿಯಿತು ಅಂತ ನನಗಂತೂ ನಾಲ್ಕು ದಿನವೂ ಅನ್ನಿಸಲಿಲ್ಲ, ಬಿಡಿ.

ಪಾತ್ರೆ ತಿಕ್ಕೋಕೆ ಬೂದಿ ಮತ್ತು ತೆಂಗಿನ ನಾರು. “ನೋಡಮ್ಮ, ಒಂದು ತೊಟ್ಟೂ ಕೆಮಿಕಲ್ ಇಲ್ಲ” ಅಂತ ಮಗಳು ಹೆಮ್ಮೆಯಿಂದ ತೋರಿಸಿದಳು. ನನಗೆ ನಗು ಬಂತು. ತೀರ್ಥಹಳ್ಳಿ ಕಡೆಯ ನಮ್ಮತ್ತೆ ಮನೆಯಲ್ಲಿ ಇದೆಲ್ಲ ಇದ್ದದ್ದೇ. ಒಲೆಯ ಬೂದಿ ಪಾತ್ರೆಗೆ, ಮುಸುರೆ ದನಕ್ಕೆ, ಸಗಣಿ ತೋಟಕ್ಕೆ, ಬಚ್ಚಲ ನೀರು ಬಾಳೆ ಬುಡಕ್ಕೆ. ಏನೂ ಹಾಳಾಗ್ತಿರಲಿಲ್ಲ, ನಿಜ. ಆದರೆ ಅಷ್ಟನ್ನೂ ಮಾಡ್ತಿದ್ದವರು ಒಬ್ಬರೇ. ನಸುಕಿಗೆ ಎದ್ದರೆ ರಾತ್ರಿ ಒಲೆ ಸಾರಿಸುವವರೆಗೂ ಅತ್ತೆಯ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಗ್ಯಾಸ್ ಬಂದ ದಿನ ಅವರು ಅದಕ್ಕೆ ಕುಂಕುಮ ಹಚ್ಚಿ ಕೈಮುಗಿದಿದ್ದರು. ‘ಅಜ್ಜಿಯ ಕಾಲಕ್ಕೆ ಮರಳೋಣ’ ಅಂತ ಯಾರಾದರೂ ಭಾಷಣ ಮಾಡಿದಾಗ ನನಗೆ ಆ ಕುಂಕುಮವೇ ನೆನಪಾಗುತ್ತೆ.

ಸಾಧನಾದಲ್ಲಿ ನಾನು ಕಂಡ ಹೊಸ ವಿಷಯ ಬೂದಿಯಲ್ಲ, ಸರದಿ. ಅಡುಗೆ, ಪಾತ್ರೆ, ಶೌಚಾಲಯದ ಡ್ರಮ್ ಎಲ್ಲವನ್ನೂ ಎಲ್ಲರೂ ಹಂಚಿಕೊಳ್ತಾರೆ. ನಾನಿದ್ದಾಗ ಒಬ್ಬ ಜರ್ಮನ್ ಹುಡುಗ, ಪುಣೆಯ ಒಬ್ಬ ಇಂಜಿನಿಯರು ಕುಕ್ಕರುಗಾಲಲ್ಲಿ ಕೂತು ದೊಡ್ಡ ದೊಡ್ಡ ಡಬರಿ ಉಜ್ಜುತ್ತಿದ್ದರು. ಯಾರೂ ಅವರನ್ನು ಹೊಗಳಲಿಲ್ಲ, ಅದೇ ನನಗೆ ಹಿಡಿಸಿತು. ಅಲ್ಲಿ ಹೆಚ್ಚಿನವರು ಕೆಲವು ವಾರ, ಕೆಲವು ತಿಂಗಳು ಇದ್ದು ಹೋಗುವ ಹುಡುಗರು. ಮೂವತ್ತು ವರ್ಷದ ಸಂಸಾರ ಬೇರೆ, ಅದೂ ಗೊತ್ತು.

ವಾಪಸ್ ಬಂದ ಮಗಳು ಮನೆಯಲ್ಲೂ ಕಾಂಪೋಸ್ಟ್ ಡಬ್ಬ ಇಡೋಣ, ಸೀಗೆಪುಡಿ, ಬೂದಿ ತರೋಣ ಅಂದಳು. “ತರೋಣ, ಮೊದಲು ಯಾರ್‍ಯಾರ ಪಾಳಿ ಯಾವತ್ತು ಅಂತ ಬರಿ. ನಿಮ್ಮಪ್ಪನ ಹೆಸರೂ ಸೇರಿಸು” ಅಂದೆ. ಯಜಮಾನ್ರು ಪೇಪರಿನ ಹಿಂದಿನಿಂದ “ನನಗೆ ಸೊಂಟ ನೋವು” ಅಂದರು. ನಿಂತುಕೊಂಡೇ ತೊಳೆಯಬಹುದು ಅಂತ ಮಗಳು ಸಿಂಕ್ ತೋರಿಸಿದಳು.

ಈಗ ಮಂಗಳವಾರ, ಶುಕ್ರವಾರ ಅವರದು. ತಳ ಹಿಡಿದ ಹಾಲಿನ ಪಾತ್ರೆಯನ್ನು ಮಾತ್ರ ‘ನೆನೀಲಿ’ ಅಂತ ಬುಧವಾರಕ್ಕೆ ಬಿಡ್ತಾರೆ. ಬುಧವಾರ ನನ್ನ ಸರದಿ.