ಜೀವದಯೆಯ ಖರ್ಚು ಯಾರ ಖಾತೆಗೆ?

ಹದಿನಾರನೆಯ ತೀರ್ಥಂಕರರಾದ ಭಗವಾನ್ ಶಾಂತಿನಾಥರ ಲಾಂಛನ ಜಿಂಕೆ. ಬಸದಿಗೆ ಹೋದಾಗ ಪೀಠದ ಮೇಲಿನ ಆ ಪುಟ್ಟ ಪ್ರಾಣಿಯನ್ನು ಮಕ್ಕಳಿಗೆ ತೋರಿಸಿ ಕೈ ಮುಗಿಸುತ್ತೇವೆ. ಆದರೆ ನಮ್ಮ ಊರುಗಳ ಸುತ್ತಲಿನ ಬಯಲಿನಲ್ಲೇ ಬಾಳುವ ಕೃಷ್ಣಮೃಗವನ್ನು ನಮ್ಮಲ್ಲಿ ಎಷ್ಟು ಮಂದಿ ನಿಂತು ನೋಡಿದ್ದೇವೆ?

ವ್ಯಾಪಾರದ ನಿಮಿತ್ತ ನಾವು ಹಿಂದೂಪುರದಿಂದ ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗಿ ಬರುವವರು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕಾಡಿಗಿಂತ ಬಯಲೇ ಹೆಚ್ಚು. ಜನ ಕೃಷ್ಣಮೃಗವನ್ನೂ ಜಿಂಕೆ ಎಂದೇ ಕರೆಯುತ್ತಾರೆ. ನಿಜವಾಗಿ ಎರಡೂ ಬೇರೆ. ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬರುತ್ತದೆ. ಕೃಷ್ಣಮೃಗದ ಕೊಂಬಿಗೆ ಕವಲಿಲ್ಲ. ತಿರುಪಿನಂತೆ ಸುತ್ತಿಕೊಂಡು ಸುಮಾರು ಎರಡು ಅಡಿ ಬೆಳೆದು ಕೊನೆಯವರೆಗೂ ಉಳಿಯುತ್ತದೆ. ಬಲಿತ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ತೂಕ 35-40 ಕಿಲೋ. ಹೆಣ್ಣಿನ ಮೈ ಕಂದು, ಸಾಮಾನ್ಯವಾಗಿ ಕೊಂಬಿರುವುದಿಲ್ಲ.

ಬಯಲಿನಲ್ಲಿ ಅಡಗಲು ಸ್ಥಳವಿಲ್ಲವಾದ್ದರಿಂದ ಕಣ್ಣು ಕಾಲುಗಳೇ ಇದಕ್ಕೆ ರಕ್ಷೆ. ಒಂದು ಬೆದರಿ ನೆಗೆದರೆ ಹಿಂಡೆಲ್ಲ ಓಡುತ್ತದೆ. ವೇಗ ಗಂಟೆಗೆ 80 ಕಿ.ಮೀ. ತನಕ. ಇದನ್ನು ಅಟ್ಟಬಲ್ಲ ಚೀತಾ ನಮ್ಮ ದೇಶದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಿದರು. 2022ರಲ್ಲಿ ಆಫ್ರಿಕದಿಂದ ತಂದವನ್ನು ಬಿಟ್ಟದ್ದು ದೂರದ ಮಧ್ಯಪ್ರದೇಶದಲ್ಲಿ. ತಾಯಿ ಆರು ತಿಂಗಳು ಹೊತ್ತು ಒಂದೇ ಮರಿ ಹಾಕುತ್ತದೆ. ಮೊದಲ ಕೆಲವು ದಿನ ಆ ಮರಿ ಹುಲ್ಲಿನ ಮರೆಯಲ್ಲಿ ಅಲುಗಾಡದೆ ಮಲಗಿರುತ್ತದೆ. ಹುಲ್ಲೇ ಅದರ ತೊಟ್ಟಿಲು.

ಕೃಷ್ಣಮೃಗ ಆಂಧ್ರಪ್ರದೇಶದ ರಾಜ್ಯಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದರ ಬೇಟೆಯನ್ನು ನಿಷೇಧಿಸಿದೆ. ನಮಗೆಲ್ಲ ಸಂತೋಷದ ವಿಷಯವೇ. ಆದರೆ ಒಮ್ಮೆ ಕಲ್ಯಾಣದುರ್ಗದ ಕಡೆಯ ರೈತರೊಬ್ಬರು ನಮ್ಮ ಅಂಗಡಿಯ ಕಟ್ಟೆಯ ಮೇಲೆ ಕುಳಿತು, "ಸಾವ್ಕಾರ್ರೇ, ಜಿಂಕೆ ನಿಮಗೆ ಪುಣ್ಯ. ನನಗೆ ಬೀಜದ ಸಾಲ. ಕಡಲೆಕಾಯಿ ಮೊಳಕೆ ಒಂದು ರಾತ್ರಿಗೆ ಮೇದು ಹೋದವು. ಹೊಡೆಯೋ ಹಾಗಿಲ್ಲ, ಹೊಡೆಯೋ ಮನಸ್ಸೂ ಇಲ್ಲ. ಏನು ಮಾಡಲಿ?" ಎಂದರು.

ಮನೆಯಲ್ಲಿ ಎಲ್ಲರೂ ಕೂತು ಈ ಮಾತನ್ನು ಆಡಿಕೊಂಡೆವು. ಕೊಲ್ಲದಿರುವುದು ನಮ್ಮ ವ್ರತ. ಕಾಯುವ ಖರ್ಚು ಮಾತ್ರ ಆ ಒಕ್ಕಲು ಮಗನದು. ಇದು ಯಾವ ಲೆಕ್ಕ? ಆ ವರ್ಷ ಅವರ ಬೀಜದ ಬಾಕಿಗೆ ಬಡ್ಡಿ ಬರೆಯಲಿಲ್ಲ. ನಮ್ಮ ಅಜ್ಜಿಯವರು, "ಇದನ್ನು ದಾನ ಅಂತ ಬರೀಬೇಡಿ, ಪಾಲು ಅಂತ ಬರೀರಿ" ಎಂದರು. ಅದರಂತೆಯೇ ಬರೆದೆವು.

ಇನ್ನೊಂದು ಮಾತೂ ಇದೆ. ಪುಣ್ಯಕಾರ್ಯವೆಂದು ಬೀಳು ಬಿದ್ದ ಬಯಲಿನಲ್ಲಿ ಸಸಿ ನೆಡಿಸುವವರು ನಮ್ಮಲ್ಲಿ ಅನೇಕರು. ಊರೊಳಗೆ, ರಸ್ತೆಯ ಬದಿ ಮರ ಬೇಕು ನಿಜ. ಆದರೆ ಹುಲ್ಲುಗಾವಲಿನ ತುಂಬ ನೀಲಗಿರಿ ನೆಟ್ಟರೆ ಕೃಷ್ಣಮೃಗದ ಮೇವೂ ಹೋಯಿತು, ದೂರದ ನೋಟವೂ ಹೋಯಿತು. ಮೇವು ಹೋದ ಹಿಂಡು ರೈತನ ಹೊಲಕ್ಕಲ್ಲದೆ ಇನ್ನೆಲ್ಲಿಗೆ ಹೋದೀತು? ಹಿಂದೂಪುರಕ್ಕೆ ಸಮೀಪದಲ್ಲೇ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, ಕರ್ನಾಟಕ ಸರ್ಕಾರ 2007ರಲ್ಲಿ 798 ಎಕರೆಯ ಬಯಲನ್ನು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಬರಿಯ ಹುಲ್ಲೂ ಒಂದು ಆಸ್ತಿ ಎಂಬುದು ಅವರಿಗೆ ತಿಳಿಯುತ್ತದೆ.

ಜೀವದಯೆ ನಮ್ಮ ಮನೆತನದ ಹೆಸರಾದರೆ ಅದರ ಖರ್ಚಿನಲ್ಲಿಯೂ ನಮ್ಮ ಪಾಲಿರಲಿ. ಮುಂಗಾರಿನಲ್ಲಿ ಬೀಜದ ಲೆಕ್ಕ ತೆರೆಯುವಾಗ, ಮೇದುಹೋದ ಹೊಲ ಯಾರದೆಂದು ಒಂದು ಮಾತು ವಿಚಾರಿಸೋಣ.